ಕೊನೆಯ ಹೊಲಕ್ಕೆ ನೀರು ಬರುವ ಹೊತ್ತು

ನಮ್ಮ ಕಾಲೇಜಿಗೆ ಕಂಪ್ಯೂಟರ್ ಬಂದದ್ದು ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ಬಳ್ಳಾರಿಗೆ ಬೇಸಿಗೆಯಲ್ಲಿ ಬೀಗರು ಕೂಡ ಬರಲು ಹಿಂದೆಮುಂದೆ ನೋಡುತ್ತಾರೆ. ಇದು ಮಾತ್ರ ಥರ್ಮೋಕೋಲಿನ ಹಾಸಿಗೆಯಲ್ಲಿ ಮಲಗಿಕೊಂಡು ಲಾರಿಯಲ್ಲಿ ಆರಾಮವಾಗಿ ಬಂತು. ಪ್ರಿನ್ಸಿಪಾಲರು ಅದರ ಮುಂದೆ ತೆಂಗಿನಕಾಯಿ ಒಡೆದರು. ಕಾಯಿಯ ನೀರು ಯಂತ್ರದ ಮೇಲೆ ಸಿಡಿಯದಂತೆ ನಾನು ಎರಡೂ ಕೈ ಅಡ್ಡ ಹಿಡಿದು ನಿಂತಿದ್ದೆ. ಅಷ್ಟು ನೀರಿಗೇ ಹೆದರಿದವನು ಮುಂದೆ ಹೇಗೆ ಮೈಮರೆತೆನೋ, ಇವತ್ತಿಗೂ ತಿಳಿದಿಲ್ಲ.

ನಾನು ಅಲ್ಲಿ ಸಿವಿಲ್ ವಿಭಾಗದ ಉಪನ್ಯಾಸಕ. ಕಾಲುವೆಯಲ್ಲಿ ನೀರು ಹೇಗೆ ಹರಿಯುತ್ತದೆ ಎಂದು ಹುಡುಗರಿಗೆ ಪಾಠ ಹೇಳುವುದು ನನ್ನ ಕೆಲಸ. ಸ್ವಭಾವ ಸಿಡುಕು, ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಮುರಿದರೂ ನನಗೆ ಸಿಟ್ಟು ಬರುತ್ತಿತ್ತು. ಇಂಥವನ ಕೈಗೆ ಕಂಪ್ಯೂಟರಿನ ಕೋಣೆಯ ಬೀಗದಕೈ ಬಂದದ್ದು ಯಾಕೆಂದರೆ ವಿಭಾಗದ ಉಳಿದವರೆಲ್ಲ ನಯವಾಗಿ ಜಾರಿಕೊಂಡರು. ನನಗೂ ಅದರ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಅದರಿಂದ ನನಗೆ ಬೇಕಿದ್ದದ್ದು ಒಂದೇ ಒಂದು ಉತ್ತರ. ಪ್ರಶ್ನೆ ನನ್ನದಲ್ಲ, ನನ್ನ ಅಣ್ಣನದು.

ನಮ್ಮೂರು ಸಿರುಗುಪ್ಪ ತಾಲ್ಲೂಕಿನದು, ಸಿರಿಗೇರಿಯಿಂದ ಇನ್ನೂ ಒಳಕ್ಕೆ ಹೋಗಬೇಕು. ತುಂಗಭದ್ರಾ ಕಾಲುವೆಯಿಂದ ಒಡೆದು ಬರುವ ಉಪಕಾಲುವೆಯ ಕಟ್ಟಕಡೆಗೆ ನಮ್ಮ ಹೊಲ. ದೇಶನೂರಿನ ಕಡೆಯವರಿಗೆ ನದಿಯಿಂದಲೇ ಬರುವ ಹಳೆಯ ಕಾಲುವೆ ಇತ್ತು, ಅವರ ಮಾತು ಬೇರೆ. ನಮಗೆ ಮೇಲಿನವರೆಲ್ಲ ಕಟ್ಟಿಕೊಂಡು ಬಿಟ್ಟದ್ದು ಬಂದರೆ ಬಂತು. ಮಳೆಗಾಲದ ಮೊದಲಿಗೆ ಕುರುಗೋಡಿನ ಹತ್ತಿರ ತೂಬು ಎತ್ತಿ ನೀರು ಬಿಟ್ಟರು ಎಂಬ ಸುದ್ದಿ ಬಸ್ಸಿನವರ ಬಾಯಲ್ಲಿ ಊರಿಗೆ ಬರುತ್ತಿತ್ತು. ಆದರೆ ಆ ನೀರು ನಮ್ಮ ಹೊಲಕ್ಕೆ ಯಾವಾಗ ಮುಟ್ಟುತ್ತದೆ ಎಂದು ಯಾರೂ ಹೇಳುವಂತಿರಲಿಲ್ಲ. ಬೇಸಿಗೆಯಿಡೀ ಒಣಗಿ ಬಾಯಿಬಿಟ್ಟ ಕಾಲುವೆ ಮೊದಲು ತಾನೇ ಕುಡಿಯುತ್ತದೆ. ಆಮೇಲೆ ದಾರಿಯಲ್ಲಿನ ಊರುಗಳು. ನೀರು ಬಂದ ಗಳಿಗೆಯಲ್ಲಿ ಹೊಲದವನು ಸಲಿಕೆ ಹಿಡಿದು ಬದುವಿನ ಮೇಲೆ ನಿಂತಿರಬೇಕು, ಇಲ್ಲವಾದರೆ ಪಕ್ಕದವರು ತಿರುವಿಕೊಂಡು ಬಿಡುತ್ತಾರೆ. ಪಾಳಿ ತಪ್ಪಿದರೆ ಭತ್ತದ ಸಸಿ ನಿಂತಲ್ಲೇ ಒಣಗುತ್ತದೆ. ಹಾಗಾಗಿ ನೀರು ಬಿಟ್ಟರೆಂದು ಕೇಳಿದ ಮೇಲೆ ನಮ್ಮ ಕಡೆಯ ಗಂಡಸರು ಊರು ಬಿಡುವುದಿಲ್ಲ. ಮದುವೆ ಇರಲಿ, ಪಂಚಾಯ್ತಿ ಇರಲಿ, ಎಲ್ಲವೂ ನೀರು ಬಂದ ಮೇಲೆ.

ಎಪ್ಪತ್ತರ ದಶಕದ ಕೊನೆಯ ಒಂದು ಮುಂಗಾರಿನಲ್ಲಿ ಅವ್ವನಿಗೆ ಎದೆನೋವು ಬಂತು. ಅಣ್ಣನೇ ಬಳ್ಳಾರಿಗೆ ಕರೆತಂದು ದೊಡ್ಡ ದವಾಖಾನೆಗೆ ಸೇರಿಸಿ, ನನಗೆ ಒಪ್ಪಿಸಿ ಊರಿಗೆ ಹೋದ. ಸೋಮವಾರ ತೂಬು ಎತ್ತಿದರು. ಮಂಗಳವಾರ ಅವ್ವನ ಸ್ಥಿತಿ ಕೆಟ್ಟಿತು. ಸಿರುಗುಪ್ಪದ ಬಸ್ಸಿನ ಕಂಡಕ್ಟರನ ಕೈಯಲ್ಲಿ ನಾನು ಅಣ್ಣನಿಗೆ ಬಾ ಎಂದು ಹೇಳಿ ಕಳಿಸಿದೆ. ಮರುದಿನ ಅದೇ ಕಂಡಕ್ಟರ್ ದವಾಖಾನೆಯ ಬಾಗಿಲಿಗೆ ಬಂದು ಅಣ್ಣನ ಮಾತನ್ನು ಅಣ್ಣನ ಧ್ವನಿಯಲ್ಲೇ ಒಪ್ಪಿಸಿದ: "ಇವತ್ತು ನಾಳಿ ನೀರು ಬರ್ತೈತಂತ. ಪಾಳಿ ಕಟ್ಟಿ ಬಂದುಬಿಡ್ತೀನಿ. ಖರೇ ಯಾವಾಗ ಬರ್ತೈತಿ, ಅಲ್ಲಿ ಯಾರನ್ನರ ಕೇಳಿ ಹೇಳು."

ನಾನು ಪರಿಚಯದ ಇಂಜಿನಿಯರೊಬ್ಬರನ್ನು ಕೇಳಿದೆ. ಅವರೂ ಇವತ್ತು ನಾಳೆ ಎಂದರು. ಅದನ್ನೇ ಹೇಳಿ ಕಳಿಸಿದೆ. ಅವ್ವ ಕಣ್ಣು ತೆರೆದಾಗಲೆಲ್ಲ ಬಾಗಿಲ ಕಡೆ ನೋಡಿ, "ದೊಡ್ಡಾವ ಬಂದನೇನು?" ಎನ್ನುತ್ತಿದ್ದಳು. ಗುರುವಾರ ಮಧ್ಯಾಹ್ನ ಕೇಳುವುದನ್ನು ನಿಲ್ಲಿಸಿದಳು. ಸಂಜೆಗೆ ಹೋದಳು.

ಬಾಡಿಗೆ ವ್ಯಾನಿನಲ್ಲಿ ಅವಳನ್ನು ಊರಿಗೆ ಒಯ್ದೆವು. ಊರಿನ ದಾರಿ ಕಾಲುವೆಯ ಏರಿಯ ಮೇಲೆಯೇ ಹೋಗುತ್ತದೆ. ಅಣ್ಣ ಸಲಿಕೆ ಹಿಡಿದು ಏರಿಯ ಮೇಲೆ ನಿಂತಿದ್ದ, ಪಕ್ಕದಲ್ಲಿ ಕಾಲುವೆ ಒಣಗಿ ಬಿದ್ದಿತ್ತು. ವ್ಯಾನು ನಿಧಾನವಾದದ್ದನ್ನು ಕಂಡೇ ಅವನಿಗೆ ತಿಳಿಯಿತು. ಸಲಿಕೆಯನ್ನು ಕೆಳಗಿಡಲಿಲ್ಲ, ಅದನ್ನು ಹಿಡಿದುಕೊಂಡೇ ವ್ಯಾನಿನ ಹಿಂದೆ ಊರತನಕ ನಡೆದು ಬಂದ. ಶುಕ್ರವಾರ ಮಣ್ಣು ಮಾಡಿದೆವು. ಶನಿವಾರ ಬೆಳಕು ಹರಿಯುವ ಹೊತ್ತಿಗೆ ನೀರು ಬಂತು.

ನೀರು ಕಟ್ಟಿ ಬಂದು ಕಾಲು ತೊಳೆಯುತ್ತ ಅಣ್ಣ ಕೇಳಿದ: "ತಮ್ಮ, ನೀ ಕಾಲುವಿ ಪಾಠನ ಹೇಳ್ತೀಯಲ್ಲ. ಸೋಮವಾರ ಎತ್ತಿದ ನೀರು ಶನಿವಾರ ಬರ್ತೈತಿ ಅಂತ ಮೊದಲ ಹೇಳಾಕ ಬರತಿತ್ತೇನು?"

"ಕೈಲೆ ಲೆಕ್ಕ ಮಾಡಬೇಕಂದ್ರ ತಿಂಗಳುಗಟ್ಟಲೆ ಬೇಕಣ್ಣ," ಎಂದೆ. ಅದು ನಿಜವೂ ಆಗಿತ್ತು.

"ಅಂದ್ರ ಯಾರಿಗೂ ಗೊತ್ತಿರಾಕ ಸಾಧ್ಯ ಇರಲಿಲ್ಲ."

"ಇರಲಿಲ್ಲ."

ಅವನು ತಲೆಯಾಡಿಸಿದ. ಆದರೆ ಸಮಾಧಾನವಾದಂತೆ ಕಾಣಲಿಲ್ಲ. ಆಮೇಲೆ ನಾನು ಊರಿಗೆ ಹೋದಾಗಲೆಲ್ಲ, ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ, ಬೇರೆ ಯಾವುದೋ ಮಾತಿನ ನಡುವೆ ಅದನ್ನೇ ತಿರುಗಿಸಿ ಕೇಳುತ್ತಿದ್ದ. ಬೇರೆ ದೇಶದಲ್ಲಿ ಹೇಗೆ ಲೆಕ್ಕ ಮಾಡುತ್ತಾರೆ, ಪುಸ್ತಕದಲ್ಲಿ ಏನಿದೆ, ಹೀಗೆ. ಸುತ್ತಿ ಬಳಸಿ ಅವನು ಎಲ್ಲಿಗೆ ಬರುತ್ತಾನೆಂದು ನನಗೂ ಅತ್ತಿಗೆಗೂ ಗೊತ್ತಿತ್ತು.

ಕಂಪ್ಯೂಟರ್ ಬರುವ ಹೊತ್ತಿಗೆ ಬೆಂಗಳೂರಿನ ಸಂಶೋಧನಾ ಕೆಲಸದಲ್ಲಿದ್ದ ನನ್ನ ಸಹಪಾಠಿಯೊಬ್ಬ ಇಂಥದೇ ಲೆಕ್ಕಕ್ಕೆ ಪ್ರೋಗ್ರಾಮು ಬರೆದಿದ್ದ. ಕಾಲುವೆಯ ಅಗಲ, ಆಳ, ಇಳಿಜಾರು, ಮಣ್ಣು ಎಷ್ಟು ನೀರು ಕುಡಿಯುತ್ತದೆ ಎಂಬುದನ್ನೆಲ್ಲ ಕೊಟ್ಟರೆ, ಯಂತ್ರ ತನ್ನೊಳಗೆ ಒಂದು ಲೆಕ್ಕದ ಕಾಲುವೆಯನ್ನು ಕಟ್ಟಿಕೊಂಡು, ಅದರಲ್ಲಿ ಲೆಕ್ಕದ ನೀರನ್ನು ಬಿಟ್ಟು, ಯಾವ ಗಳಿಗೆಗೆ ಎಲ್ಲಿ ಎಷ್ಟು ನೀರು ಎಂದು ಹೇಳುತ್ತಿತ್ತು. ಅವನು ಅದನ್ನು ಫ್ಲಾಪಿಗಳಲ್ಲಿ ತುಂಬಿಸಿ ಕೊಟ್ಟ. ಅಂಗೈಗಿಂತ ದೊಡ್ಡದಾದ, ಬಾಗುವಂಥ ಕಪ್ಪು ಚೌಕಗಳು. ನಾನು ಬಸ್ಸಿನಲ್ಲಿ ಅವುಗಳನ್ನು ತೊಡೆಯ ಮೇಲಿಂದ ಇಳಿಸದೆ ತಂದೆ.

ತಂದ ಮೇಲೆ ಶುರುವಾಯಿತು ಪಡಿಪಾಟಲು. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಮ್ಮ ಯಂತ್ರದೊಳಗೆ ಏನನ್ನೂ ಶಾಶ್ವತವಾಗಿ ಇಡುವಂತಿರಲಿಲ್ಲ. ಬೆಳಿಗ್ಗೆ ಅದನ್ನು ಎಬ್ಬಿಸಲು ಒಂದು ಫ್ಲಾಪಿ, ಪ್ರೋಗ್ರಾಮನ್ನು ಅದರ ಭಾಷೆಗೆ ತಿರುಗಿಸಲು ಒಂದು, ತಿರುಗಿಸಿದ ತುಂಡುಗಳನ್ನು ಜೋಡಿಸಲು ಇನ್ನೊಂದು. ಒಂದನ್ನು ತೆಗಿ, ಇನ್ನೊಂದನ್ನು ಹಾಕು, ಮತ್ತೆ ಮೊದಲಿನದನ್ನು ಹಾಕು ಎಂದು ಅದು ಹಸಿರು ಅಕ್ಷರದಲ್ಲಿ ಆಜ್ಞೆ ಮಾಡುತ್ತಿತ್ತು. ಅರ್ಧ ದಿನ ಹೇಳಿದಂತೆ ಕೇಳಿದ ಮೇಲೆ, ಜಾಗ ಸಾಲದು ಎಂದು ಕೈಯೆತ್ತಿಬಿಡುತ್ತಿತ್ತು. ಒಮ್ಮೆಗೆ ಎಷ್ಟು ಕಡತ ತೆರೆಯಬಹುದು ಎಂದು ಎಬ್ಬಿಸುವ ಫ್ಲಾಪಿಯಲ್ಲಿ ಮೊದಲೇ ಒಂದು ಸಾಲು ಬರೆದಿಡಬೇಕು. ಆ ಒಂದು ಸಾಲು ಗೊತ್ತಿಲ್ಲದೆ ನಾನು ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಅದಾದ ಮೇಲೆ, ದೊಡ್ಡ ಲೆಕ್ಕಗಳಿಗೆ ಬೇರೆಯದೇ ಒಂದು ಎಲೆಕ್ಟ್ರಾನಿಕ್ ಚಿಪ್ಪು ಬೇಕು, ಅದು ಇಲ್ಲಿ ಇಲ್ಲ ಎಂದಿತು. ಮೊದಲೇ ಹೇಳಲಿಕ್ಕೆ ನಿನಗೇನಾಗಿತ್ತು ಎಂದು ನಾನು ಯಂತ್ರವನ್ನು ಗದರಿದೆ. ಚಿಪ್ಪು ತರಿಸಿಕೊಳ್ಳುವಷ್ಟರಲ್ಲಿ ಮಳೆಗಾಲ ಮುಗಿದು ಚಳಿಗಾಲ ಬಂತು. ಅದನ್ನು ಅದರ ಗುಂಡಿಯಲ್ಲಿ ಒತ್ತಿ ಕೂರಿಸುವಾಗ ಅದರ ಕಾಲು ಮುರಿದೀತು ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

ಕರೆಂಟಿನದು ಇನ್ನೊಂದು ರಗಳೆ. ಅರ್ಥಿಂಗ್ ಸರಿಯಿಲ್ಲವೆಂದು ಅಂಗಳದಲ್ಲಿ ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿಸಿ ತಾಮ್ರದ ಹಲಗೆ ಹೂಳಿಸಿದೆವು. ಅದು ಒಣಗದಂತೆ ದಿನವೂ ನೀರು ಹಾಕಬೇಕು. ನಮ್ಮ ವಿಭಾಗದ ಜವಾನ ಕುರುಗೋಡಿನವನು, ವಿಭೂತಿ ಇಲ್ಲದ ಹಣೆಯಲ್ಲಿ ಅವನನ್ನು ಯಾರೂ ನೋಡಿರಲಿಲ್ಲ. ಬೆಳಿಗ್ಗೆ ಬಂದವನೇ ಆ ಗುಂಡಿಗೆ ಒಂದು ಕೊಡ ನೀರು ಹಾಕಿ, ನಮಸ್ಕಾರವನ್ನೂ ಮಾಡಿ, ಆಮೇಲೆ ಉಳಿದ ಕೆಲಸಕ್ಕೆ ಹೋಗುತ್ತಿದ್ದ. ನಮಸ್ಕಾರ ಯಾಕಪ್ಪ ಎಂದರೆ, "ಇರಲಿ ಬಿಡ್ರಿ ಸರ, ಏನು ಗಂಟು ಹೋಗತೈತಿ," ಎನ್ನುತ್ತಿದ್ದ.

ಎಲ್ಲ ಕೂಡಿ ಬರುವಷ್ಟರಲ್ಲಿ ಮತ್ತೆ ಬೇಸಿಗೆ. ಮಹಡಿಯ ಮೇಲಿನ ಕೋಣೆ, ಚಾವಣಿ ಮಧ್ಯಾಹ್ನಕ್ಕೆ ಕಾದ ಹಂಚು. ಮಂಜೂರಾದ ಏಸಿ ಬಂದಿತ್ತು, ಆದರೆ ನಮ್ಮ ಕರೆಂಟಿಗೆ ಅದು ಒಮ್ಮೆ ಗೊರಕೆ ಹೊಡೆದು ಸುಮ್ಮನಾಗುತ್ತಿತ್ತು. ಸದ್ಯಕ್ಕೆ ಕಾಲುವೆಯ ಅಂದಾಜಿನ ಅಳತೆ ಕೊಟ್ಟಿದ್ದೆ. ಪ್ರೋಗ್ರಾಮು ಓಡಲು ಶುರುವಾಗಿ, ಲೆಕ್ಕದ ನೀರು ಕುರುಗೋಡು ದಾಟುವ ಹೊತ್ತಿಗೆ ಯಂತ್ರ ಬಿಸಿಯೇರಿ ನಿಂತುಬಿಡುತ್ತಿತ್ತು. ದಿನವೂ ಇದೇ. ನಮ್ಮ ಹೊಲದ ತನಕ ನೀರು ಬರಲೇ ಇಲ್ಲ.

ಅದೇ ಹೊತ್ತಿಗೆ ಅಣ್ಣ ಬಿತ್ತನೆ ಬೀಜಕ್ಕೆಂದು ಬಳ್ಳಾರಿಗೆ ಬಂದವನು ಯಂತ್ರ ನೋಡಲು ಕಾಲೇಜಿಗೆ ಬಂದ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು, ಒದ್ದೆ ಟವೆಲಿನಲ್ಲಿ ಕೈ ಒರೆಸಿಕೊಂಡು ಒಳಗೆ ಬಂದ. ನಾನು ಎಲ್ಲ ವಿವರಿಸಿದೆ. ಸೋಮವಾರ ತೂಬು ಎತ್ತಿದ್ದನ್ನು ಇದಕ್ಕೆ ಹೇಳಿದರೆ ನಮ್ಮ ಹೊಲಕ್ಕೆ ಯಾವಾಗ ಬರುತ್ತದೆಂದು ಇದು ಹೇಳಬಹುದು ಎಂದೆ. ಅವನು ಹಸಿರು ಅಕ್ಷರಗಳ ಕಡೆ ಬಗ್ಗಿ ನೋಡಿದ.

"ಆ ಸೋಮವಾರದ್ದೂ ಹೇಳ್ತೈತೇನು?"

"ಹೇಳಬೌದು. ಆದ್ರ ಸೆಕಿಗೆ ನಡುವ ನಿಂತುಬಿಡತೈತಿ."

ಅವನು ಯಂತ್ರದ ಬೆನ್ನ ಮೇಲೆ ಅಂಗೈ ಇಟ್ಟು ನೋಡಿದ. ಜ್ವರ ಬಂದ ಕರುವನ್ನು ಮುಟ್ಟುವಾಗ ಅವನು ಹಾಗೆಯೇ ಮುಟ್ಟುತ್ತಿದ್ದ. "ಇದಕ್ಕ ಇಷ್ಟ ಹೌದಲ್ಲೋ. ಗೋಣಿಚೀಲ ತೋಯಿಸಿ ಕಿಟಕಿಗೆ ಕಟ್ಟಿದ್ರ ಮುಗೀತು. ನಮ್ಮ ಮಂದಿ ಮತ್ತೇನು ಏಸಿ ಇಟ್ಟಾರೇನು?"

ಎರಡು ದಿನ ಬಿಟ್ಟು ಬಸ್ಸಿನ ಮೇಲೆ ಚೀಲಗಳ ಗಂಟು ಹಾಕಿಕೊಂಡು ಬಂದ. ಭತ್ತದ ಹಳೆಯ ಚೀಲಗಳು. ಅತ್ತಿಗೆ ಅವನ್ನು ದೂಳು ಹೋಗುವಂತೆ ಬಡಿದು, ಒಗೆದು ಕೊಟ್ಟಿದ್ದಳು. ಅವನ್ನು ಕಿಟಕಿಗಳ ಒಳಮಗ್ಗುಲಿಗೆ ತಾನೇ ಮೊಳೆ ಹೊಡೆದು ಕಟ್ಟಿದ. ಪದೇಪದೇ ನೀರು ಚಿಮುಕಿಸುವವರು ಯಾರು ಎಂದು ಕೇಳಿದ್ದಕ್ಕೆ ನಕ್ಕ. ಬೇಸಿಗೆಯಲ್ಲಿ ನಮ್ಮೂರ ಈಶ್ವರನ ಗುಡಿಯಲ್ಲಿ ಲಿಂಗದ ಮೇಲೆ ತೂತಿನ ಗಡಿಗೆ ಕಟ್ಟುತ್ತಾರೆ, ಅದರಿಂದ ಹಗಲೂ ರಾತ್ರಿ ನೀರು ತೊಟ್ಟಿಕ್ಕುತ್ತಿರುತ್ತದೆ. ಅಂಥವೇ ಗಡಿಗೆಗಳನ್ನು ತಂದಿದ್ದ. ತಳದ ತೂತಿಗೆ ಬಟ್ಟೆಯ ಬತ್ತಿ ತುರುಕಿ, ಒಂದೊಂದು ಚೀಲದ ನೆತ್ತಿಗೆ ಒಂದೊಂದನ್ನು ತೂಗುಹಾಕಿದ. ಜವಾನ ಭಕ್ತಿಯಿಂದ ನೋಡುತ್ತಿದ್ದ. ಗಡಿಗೆ ತುಂಬುವ ಕೆಲಸ ತನ್ನದು ಎಂದು ತಾನಾಗಿಯೇ ಒಪ್ಪಿಕೊಂಡ.

ಸಂಜೆಯೊಳಗೆ ಕೋಣೆ ತಣ್ಣಗಾಯಿತು. ನಿಜಕ್ಕೂ ತಣ್ಣಗಾಯಿತು. ಕಂಪ್ಯೂಟರನ್ನು ಕಂಡರಾಗದ ಉಪನ್ಯಾಸಕರೆಲ್ಲ ಏನೋ ನೆಪ ತೆಗೆದು ಅಲ್ಲಿಗೆ ಬಂದು ಕೂರತೊಡಗಿದರು. ಯಂತ್ರ ಮಧ್ಯಾಹ್ನದಲ್ಲೂ ಓಡಿತು. ನಾನು ಫ್ಲಾಪಿಗಳನ್ನೂ, ಅವುಗಳ ಪ್ರತಿಗಳನ್ನೂ ಕಿಟಕಿಯ ಕೆಳಗಿನ ಗೂಡಿನಲ್ಲಿ ಇಟ್ಟೆ. ಕೋಣೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಅದು. ನಮ್ಮ ಸೀಮೆಯಲ್ಲಿ ಕೆಡಬಾರದ ಯಾವುದನ್ನಾದರೂ, ಹಾಲಾಗಲಿ ಬೆಣ್ಣೆಯಾಗಲಿ ವೀಳ್ಯದೆಲೆಯಾಗಲಿ, ಇಡುವುದು ನೀರಿನ ಮಗ್ಗುಲಿಗೇ. ನನ್ನ ಕೈ ಯೋಚಿಸದೆಯೇ ಅಲ್ಲಿಗೆ ಹೋಯಿತು.

ಇನ್ನು ಬೇಕಿದ್ದದ್ದು ಕಾಲುವೆಯ ನಿಜವಾದ ಅಳತೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋದೆ. ಕುರುಗೋಡಿನ ಹತ್ತಿರದಿಂದ ನಮ್ಮ ಹೊಲದವರೆಗೆ ಒಣ ಕಾಲುವೆಯಲ್ಲಿ ಇಳಿದು, ಅಣ್ಣ ತಮ್ಮ ಇಬ್ಬರೂ ಟೇಪು ಹಿಡಿದು ಅಳೆದೆವು. ನಾನು ಒಂದು ದಂಡೆಯಲ್ಲಿ, ಅವನು ಎದುರಿನ ದಂಡೆಯಲ್ಲಿ. ಎಲ್ಲಿ ಹೂಳು ತುಂಬಿದೆ, ಎಲ್ಲಿ ಮಣ್ಣು ಜಾಸ್ತಿ ಕುಡಿಯುತ್ತದೆ ಎಂದು ಅವನು ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಮಧ್ಯಾಹ್ನ ಯಾವುದಾದರೂ ಸೇತುವೆಯ ಕೆಳಗೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಚಿಕ್ಕಂದಿನಲ್ಲಿ ಇದೇ ಕಾಲುವೆಯಲ್ಲಿ ನನಗೆ ಈಜು ಕಲಿಸಲು ಸೊಂಟಕ್ಕೆ ಹಗ್ಗ ಕಟ್ಟಿ ತಳ್ಳಿದ್ದನ್ನು ನೆನೆಸಿ ನಗುತ್ತಿದ್ದ. ಅವ್ವ ಹೋದ ಮೇಲೆ ಅಣ್ಣ ಅಷ್ಟು ಹಗುರಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಜೀವನದ ಒಳ್ಳೆಯ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ ಆ ಬಿಸಿಲನ್ನೇ ಹೇಳುತ್ತೇನೆ.

ನಾವು ಅಲ್ಲಿ ಅಳೆಯುತ್ತಿದ್ದಾಗ ಇಲ್ಲಿ ಬಳ್ಳಾರಿಯಲ್ಲಿ ಜವಾನ ತನ್ನ ಮಾತು ನಡೆಸುತ್ತಿದ್ದ. ರಜೆಯಾದ್ದರಿಂದ ಕಳ್ಳರ ಭಯಕ್ಕೆ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದ್ದ. ಗಡಿಗೆಗಳನ್ನು ಮಾತ್ರ ದಿನವೂ ಬಿಡದೆ ತುಂಬಿಸಿದ್ದ. ಗಾಳಿಯಾಡುವಾಗ ತಂಪು ಕೊಡುತ್ತಿದ್ದ ಚೀಲಗಳು ಮುಚ್ಚಿದ ಕೋಣೆಯಲ್ಲಿ ಬರೀ ಬೆವರಿದವು. ಅದರ ಮೇಲೆ ಮುಂಗಾರಿನ ಮೋಡ ಬೇರೆ ಕವಿದಿತ್ತು. ನಾನು ಬಂದು ಬಾಗಿಲು ತೆರೆದಾಗ ನೆನೆಹಾಕಿದ ಭತ್ತದ ವಾಸನೆ ಮೂಗಿಗೆ ಬಡಿಯಿತು. ಗೂಡಿನಲ್ಲಿದ್ದ ಫ್ಲಾಪಿಗಳ ಕಪ್ಪಿನ ಮೇಲೆ ಬಿಳಿ ಬೂಷ್ಟು ಹರಡಿತ್ತು.

ಒರೆಸಿದರೆ ಹೋದೀತು ಎಂದುಕೊಂಡು ಒರೆಸಿ ಹಾಕಿದೆ. ಯಂತ್ರ ಕರಕರ ಎಂದಿತು, ಓದಲಾಗುತ್ತಿಲ್ಲ ಎಂದಿತು. ಇನ್ನೊಂದನ್ನು ಹಾಕಿದೆ. ಒಳಗೆ ಅಂಟಿದ ಕೊಳೆ ಅದನ್ನೂ ಗೀರಿತು. ಆತುರದಲ್ಲಿ ಒಂದೊಂದಾಗಿ ಎಲ್ಲವನ್ನೂ ಹಾಕಿ, ಕೊನೆಗೆ ಕೈ ಚೆಲ್ಲಿ ಕೂತೆ. ತಲೆಯ ಮೇಲೆ ಗಡಿಗೆ ತೊಟ್ಟಿಕ್ಕುತ್ತಲೇ ಇತ್ತು.

ಅಣ್ಣನಿಗೆ ಯಂತ್ರ ರಿಪೇರಿಗೆ ಹೋಗಿದೆ ಎಂದಷ್ಟೇ ಹೇಳಬೇಕೆಂದುಕೊಂಡಿದ್ದೆ. ಆದರೆ ಅವನು ಬಂದ ದಿನ ನಾನು ಪಾಠದಲ್ಲಿದ್ದೆ. ಜವಾನ ಪಾಪ, ತನ್ನಿಂದಲೇ ಆಯಿತೆಂದು ಅಳುಮುಖ ಮಾಡಿಕೊಂಡು ಎಲ್ಲ ಹೇಳಿಬಿಟ್ಟಿದ್ದ. ನಾನು ಮೇಲೆ ಹೋದಾಗ ಅಣ್ಣ ಚೀಲಗಳನ್ನು ಕಿಟಕಿಯಿಂದ ಬಿಚ್ಚುತ್ತಿದ್ದ.

"ನೀರಿನ ಪಸಿಗೆ ಆ ಕರಿ ಪ್ಲೇಟು ಬೂಷ್ಟು ಹಿಡದ್ವಂತ," ಎಂದ, ನನ್ನ ಕಡೆ ತಿರುಗದೆ.

"ಅದು ಕಿಟಕಿ ಮುಚ್ಚಿದ್ದಕ್ಕ ಆಗಿದ್ದಣ್ಣ. ಗೂಡಿನಾಗ ಇಟ್ಟಾವ ನಾನು. ನಿಂದೇನೂ ಇಲ್ಲ."

"ಹೌದು ಬಿಡು."

ಚೀಲಗಳನ್ನು ಮಡಿಸಿ, ಗಂಟು ಕಟ್ಟಿ, ತಲೆಯ ಮೇಲೆ ಇಟ್ಟುಕೊಂಡು ಹೋದ. ಚಹಾ ಕುಡಿದು ಹೋಗು ಎಂದೆ, ಬಸ್ಸು ತಪ್ಪುತ್ತದೆ ಎಂದ. ಅಲ್ಲಿಂದಾಚೆ ಆ ಪ್ರಶ್ನೆಯನ್ನು ಅವನು ಒಮ್ಮೆಯೂ ಕೇಳಲಿಲ್ಲ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ, ಬೇರೆ ಮಾತಾಡುತ್ತಿದ್ದ, ಎದ್ದು ಹೋಗುತ್ತಿದ್ದ. ಅತ್ತಿಗೆ ನನ್ನ ಮುಖ ನೋಡುತ್ತಿದ್ದಳು. ಆ ಮೌನ ನನಗೆ ಅವನ ಪ್ರಶ್ನೆಗಿಂತ ಕಷ್ಟವಾಯಿತು.

ಬೆಂಗಳೂರಿನ ಗೆಳೆಯನಿಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು. ಅವನ ಜಾಗಕ್ಕೆ ಬಂದವರಿಂದ ಒಪ್ಪಿಗೆ ಪಡೆದು ಹೊಸ ಫ್ಲಾಪಿಗಳು ಕೈಸೇರಲು ವರ್ಷವೇ ಹಿಡಿಯಿತು. ಆ ಹೊತ್ತಿಗೆ ಏಸಿಗೂ ಸರಿಯಾದ ಕರೆಂಟು ಸಿಕ್ಕಿತ್ತು. ಎರಡನೆಯ ಸಲ ಎಲ್ಲವನ್ನೂ ಜೋಡಿಸಲು ಒಂದೇ ದಿನ ಸಾಕಾಯಿತು. ಎಲ್ಲಿ ಯಾವ ಸಾಲು ಬರೆಯಬೇಕು, ಯಾವುದರ ನಂತರ ಯಾವ ಫ್ಲಾಪಿ, ಎಲ್ಲ ಕೈಗೆ ರೂಢಿಯಾಗಿತ್ತು. ಫ್ಲಾಪಿಗಳನ್ನು ಒಣ ಕಪಾಟಿನಲ್ಲಿಟ್ಟೆ. ಅಣ್ಣ ತಮ್ಮ ಅಳೆದ ಕಾಲುವೆಯನ್ನು ಯಂತ್ರಕ್ಕೆ ಕೊಟ್ಟೆ. ಕುರುಗೋಡಿನ ಕಡೆಯ ಕಾಲುವೆ ಕಚೇರಿಯಿಂದ ಅವ್ವ ಹೋದ ವಾರದ ನೀರಿನ ಮಟ್ಟವನ್ನು ಕೇಳಿ ತಂದಿದ್ದೆ, ಸೋಮವಾರದ್ದನ್ನಷ್ಟೇ ಕೊಟ್ಟೆ. ಆವತ್ತು ಯಾರಿಗಾದರೂ ಗೊತ್ತಿರಬಹುದಾಗಿದ್ದದ್ದು ಅಷ್ಟೇ.

ಯಂತ್ರ ಬೆಳಗಿನಿಂದ ಮಧ್ಯಾಹ್ನದವರೆಗೆ ಓಡಿತು. ನಿಲ್ಲಲಿಲ್ಲ. ಕೊನೆಯ ಹೊಲದ ಸಾಲಿನಲ್ಲಿ ಸೊನ್ನೆಗಳೇ ಬರುತ್ತ ಬರುತ್ತ, ಶುಕ್ರವಾರ ರಾತ್ರಿಗೆ ನೀರು ಕಾಣಿಸಿತು. ನಿಜವಾಗಿ ಬಂದದ್ದು ಶನಿವಾರ ಬೆಳಗಿಗೆ. ಇಷ್ಟು ಹತ್ತಿರ ಬಂದದ್ದಕ್ಕೆ ನಾನು ಕುಣಿದಾಡಬೇಕಾಗಿತ್ತು. ಬದಲಿಗೆ ದಿನಗಳನ್ನು ಎಣಿಸಿದೆ. ಮಂಗಳವಾರ, ಬುಧವಾರ, ಗುರುವಾರ. ಅಣ್ಣ ಮೂರೂ ದಿನ ಅವ್ವನ ಮಗ್ಗುಲಲ್ಲಿ ಇರಬಹುದಿತ್ತು. ಇದ್ದು, ಮಣ್ಣು ಮಾಡಿ, ನೀರಿಗೂ ಹೋಗಬಹುದಿತ್ತು.

ಆವಾಗ ನನಗೆ ಹೊಳೆಯಿತು. ಉತ್ತರ ಕೊಟ್ಟರೆ ಅವನಿಗೆ ಬಿಡುಗಡೆ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಅವನಿಗೆ ಆಸರೆಯಾಗಿದ್ದದ್ದು ಯಾರಿಗೂ ಗೊತ್ತಿರಾಕ ಸಾಧ್ಯ ಇರಲಿಲ್ಲ ಎಂಬ ಆ ಮಾತು ಒಂದೇ. ಆ ಚೀಲಗಳು ಫ್ಲಾಪಿಗಳನ್ನು ಕೆಡಿಸಿ, ಅವನ ಆ ಮಾತನ್ನು ಒಂದಷ್ಟು ಕಾಲ ಕಾಪಾಡಿದ್ದವು. ಹೇಳದೆ ಇರಬಹುದಿತ್ತು. ಆದರೆ ಅವನ ಮುಂದೆ ಸುಳ್ಳು ಹೇಳಿ ನನಗೆ ಅಭ್ಯಾಸವಿರಲಿಲ್ಲ, ಮುಖ ನೋಡಿಯೇ ಹಿಡಿದುಬಿಡುತ್ತಿದ್ದ.

ಆ ಭಾನುವಾರ ಊರಿಗೆ ಹೋದೆ. ಅಣ್ಣ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಯಂತ್ರ ಮತ್ತೆ ಶುರುವಾಗಿದೆ ಎಂದೆ. ಅವನು ಮೊದಲು ಕೇಳಿದ್ದು, "ಈಗ ಅದಕ್ಕ ಸೆಕಿ ಹತ್ತಂಗಿಲ್ಲೇನು?"

"ಇಲ್ಲಣ್ಣ. ಆರಾಮ ಐತಿ."

"ಛಲೋ ಆತು." ಇನ್ನೊಂದಷ್ಟು ಹಗ್ಗ ಹೊಸೆದ. ಆಮೇಲೆ ತಲೆಯೆತ್ತದೆ, "ಹೇಳ್ತೇನು ಅದು?" ಎಂದ.

"ಹೇಳ್ತು. ಶುಕ್ರವಾರ ರಾತ್ರಿ ಅಂತ."

ಹೊಸೆಯುವ ಕೈ ನಿಂತಿತು. ಬೆರಳು ಮಡಿಸಿ ಎಣಿಸಿದ್ದು ನನಗೆ ಕಂಡಿತು. "ಹಂಗಾರ ಬರಬೌದಿತ್ತು," ಎಂದ. ಮತ್ತೆ ಹಗ್ಗಕ್ಕೆ ಕೈ ಹಾಕಿದ. ನಾನು ಹೊರಟಾಗ ಬಸ್ಸಿನ ತನಕ ಬಂದು, "ಈ ವರ್ಷ ಬಿಟ್ಟಾಗ ನೋಡಿ ಹೇಳು," ಎಂದಷ್ಟೇ ಹೇಳಿದ.

ಆ ವರ್ಷವೂ ತೂಬು ಎತ್ತಿದ್ದು ಸೋಮವಾರವೇ. ಮಳೆ ಮೊದಲೇ ಬಿದ್ದು ಕಾಲುವೆ ಒದ್ದೆಯಿದ್ದದ್ದರಿಂದ ಯಂತ್ರ ಗುರುವಾರ ಸಂಜೆ ಎಂದಿತು. ಸಿರುಗುಪ್ಪದ ಬಸ್ಸಿನವನ ಕೈಯಲ್ಲಿ ಹೇಳಿ ಕಳಿಸಿದೆ. ಬುಧವಾರ ಬೆಳಿಗ್ಗೆ ಬಾಗಿಲು ತೆರೆದರೆ ಅಣ್ಣ ನಿಂತಿದ್ದ. ನೀರು ಬಿಟ್ಟ ವಾರದಲ್ಲಿ ಅವನು ಊರು ಬಿಟ್ಟು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಒಗೆದ ಧೋತರ, ತಲೆಗೆ ರುಮಾಲು. ಏನು ಕೆಲಸ ಎಂದರೆ, ಏನಿಲ್ಲ ಎಂದ. ಚಹಾ ಕುಡಿದ ಮೇಲೆ, "ದವಾಖಾನಿ ತನ ಹೋಗಿ ಬರಾಣ ನಡಿ," ಎಂದ.

ಹೆಂಗಸರ ವಾರ್ಡಿನ ಎದುರು ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚು ಇದೆ. ಅಲ್ಲಿ ಕೂತೆವು. ಸುತ್ತಲೂ ರೋಗಿಗಳ ಕಡೆಯವರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು.

"ಯಾವ ಕಿಟಕಿ?" ಎಂದು ಕೇಳಿದ.

ತೋರಿಸಿದೆ. ಅವನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಆ ಕಿಟಕಿಯನ್ನೇ ನೋಡುತ್ತ ಕೂತ. ಒಳಗೆ ಯಾರೋ ಬೇರೆ ಮುದುಕಿ ಮಲಗಿದ್ದಳು. ಅವಳ ಮಗನೋ ಅಳಿಯನೋ ಲೋಟದಲ್ಲಿ ಏನನ್ನೋ ಕುಡಿಸುತ್ತಿದ್ದ. ಬಿಸಿಲು ಮರದ ಈ ಕಡೆಯಿಂದ ಆ ಕಡೆಗೆ ಸರಿದರೂ ಅಣ್ಣ ಏಳಲಿಲ್ಲ. ನಾನೂ ಏಳು ಎನ್ನಲಿಲ್ಲ. ಇಷ್ಟು ಪಾಠ ಹೇಳಿ, ಇಷ್ಟು ಯಂತ್ರ ಜೋಡಿಸಿ, ನಾನು ಅವನಿಗೆ ಕೊಡಿಸಿದ್ದು ಈ ಒಂದು ಮಧ್ಯಾಹ್ನವನ್ನು, ಅದೂ ಹಾಸಿಗೆ ಖಾಲಿಯಾದ ಮೇಲೆ.

ಕೊನೆಗೆ ತಾನೇ ಎದ್ದು ರುಮಾಲು ಸುತ್ತಿಕೊಂಡ. "ನಾಳಿ ಸಂಜಿಗಲ್ಲೇನು ನೀರು? ನಾಕರ ಬಸ್ಸಿಗೆ ಹೋದ್ರೂ ನಡಿತೈತಿ," ಎಂದ. ಬಸ್ ಸ್ಟ್ಯಾಂಡಿಗೆ ನಡೆದುಕೊಂಡೇ ಹೋದೆವು.

ಶುಕ್ರವಾರ ಬೆಳಿಗ್ಗೆ ಕಂಡಕ್ಟರ್ ಕಾಲೇಜಿಗೆ ಬಂದು ಅಣ್ಣನ ಮಾತು ಒಪ್ಪಿಸಿ ಹೋದ: "ನೀರು ಬಂತು. ನೀ ಹೇಳಿದ ಹೊತ್ತಿಗೇ ಬಂತು."